ಮಗುಚಿ ಹಾಕಿದ ಎರಡು
ಸೋವಿಯತ್ ಕಾಲದ ಐಎನ್-12 ಎಂಬ ಅಂಕಿ ತೋರಿಸುವ ನಿಕ್ಸಿ ಟ್ಯೂಬಿನಲ್ಲಿ ಬೆಳಗುವ 5ನ್ನು ದಿಟ್ಟಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ: ಅದು ಕಾವಲಿಯ ಮೇಲೆ ದೋಸೆ ಮಗುಚಿದಂತೆ ಮಗುಚಿ ಹಾಕಿದ 2! ತಯಾರಕರ ಜಿಪುಣತನವೋ ಜಾಣತನವೋ, ಸಂಗ್ರಾಹಕರಿಗಂತೂ ಅದೇ ಅಂದ. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂದ ನಿಕ್ಸಿಯ ಒಳಗೆ ಬಲ್ಬಿನಂತೆ ಕಾದು ಉರಿಯುವ ತಂತಿಯಿಲ್ಲ. ಅಂಕಿಗಳ ಆಕಾರದ ಹತ್ತು ತೆಳು ಲೋಹದ ಕ್ಯಾಥೋಡ್‌ಗಳು ಒಂದರ ಹಿಂದೊಂದು ನಿಂತಿರುತ್ತವೆ, ಸುತ್ತ ನಿಯಾನ್ ಅನಿಲ. ಸುಮಾರು 170 ವೋಲ್ಟ್ ಕೊಟ್ಟರೆ ಆಯ್ದ ಅಂಕಿಯ ಮೈಗೆ ಕಿತ್ತಳೆ ಬೆಳಕು ಅಂಟಿಕೊಳ್ಳುತ್ತದೆ. 1970ರ ದಶಕದಲ್ಲಿ ಅಗ್ಗದ ಎಲ್‌ಇಡಿ ಬಂದು ಇವನ್ನು ಮೂಲೆಗೆ ತಳ್ಳಿತು. ಈಗ ಹಳೆಯ ವೋಲ್ಟ್‌ಮೀಟರು, ಕ್ಯಾಲ್ಕ್ಯುಲೇಟರುಗಳಿಂದ ಬಿಚ್ಚಿ ಗಡಿಯಾರ ಮಾಡುವವರ ದೊಡ್ಡ ಬಳಗವೇ ಇದೆ. (ಬಿಚ್ಚುವ ಭರದಲ್ಲಿ ಒಳ್ಳೆಯ ಉಪಕರಣಗಳೇ ಬಲಿಯಾಗುವುದು ಬೇಸರದ ಸಂಗತಿ.) ಗಡಿಯಾರಕ್ಕೂ ಒಂದು ಕಾಯಿಲೆಯುಂಟು. ಗಂಟೆಯ ಹತ್ತರ ಸ್ಥಾನದಲ್ಲಿ 0, 1, 2 ಮಾತ್ರ ದುಡಿಯುತ್ತವೆ. ಅವುಗಳಿಂದ ಸಿಡಿದ ಲೋಹದ ಕಣಗಳು ಸುಮ್ಮನಿರುವ ಅಂಕಿಗಳ ಮೇಲೆ ಕೂತು, ಮುಂದೊಮ್ಮೆ ಆ ಅಂಕಿಗಳು ಅರ್ಧಂಬರ್ಧ ಬೆಳಗುತ್ತವೆ. ಇದಕ್ಕೆ ಕ್ಯಾಥೋಡ್ ಪಾಯ್ಸನಿಂಗ್ ಎನ್ನುತ್ತಾರೆ. ಮದ್ದು ಸರಳ: ಮಂಕಾದ ಅಂಕಿಗೆ ಕೆಲಕಾಲ ಹೆಚ್ಚು ಕರೆಂಟು ಹರಿಸಿ ಕೊಳೆ ಸುಡುವುದು. ಯಾವ ಅಂಕಿಯೂ ಸುಮ್ಮನೆ ಕೂರದಿರಲೆಂದೇ ಎಷ್ಟೋ ನಿಕ್ಸಿ ಗಡಿಯಾರಗಳು ನಡುರಾತ್ರಿ ಎಲ್ಲ ಅಂಕಿಗಳನ್ನೂ ಸರಸರನೆ ತಿರುಗಿಸುತ್ತವೆ. ಗಾಜು ಬಿರಿದು ಗಾಳಿ ನುಗ್ಗಿದರೆ ಮಾತ್ರ ಯಾವ ಮದ್ದೂ ನಾಟದು. ಅಂಥ ಗಡಿಯಾರ ಇಟ್ಟುಕೊಂಡವರಿಗೆ ಹೊಸ ಟ್ಯೂಬೇ ಗತಿ. ಚೆಕ್ ಗಣರಾಜ್ಯದ ದಾಲಿಬೋರ್ ಫಾರ್ನಿ, ಪೂರ್ವ ಜರ್ಮನಿಯ ಹಳೆಯ ಝಡ್568ಎಂ ಮಾದರಿಯನ್ನು ಅನುಸರಿಸಿ, ಗಾಜು ಕಾಯಿಸಿ ಕೈಯಾರೆ ಅವನ್ನು ತಯಾರಿಸುತ್ತಾರೆ.