ಕತ್ತರಿಗೆ ಸಿಕ್ಕ ಅಪ್ಪ

ಒಂದೇ ಕಥೆ, ಅದೇ ನಟರು, ಅದೇ ವಿಲನ್. ಆದ್ರೂ ಎರಡು ಬೇರೆ ಬೇರೆ ಸಿನಿಮಾ ನೋಡಿದ ಹಾಗೆ ಅನಿಸಿದ್ರೆ? ‘ಜಸ್ಟಿಸ್ ಲೀಗ್’ ವಿಷಯದಲ್ಲಿ ನನಗೆ ಆಗಿದ್ದು ಇದೇ. 2017ರಲ್ಲಿ ಥಿಯೇಟರಿಗೆ ಬಂದಿದ್ದು ಎರಡು ಗಂಟೆಯ ಸಿನಿಮಾ. 2021ರ ಮಾರ್ಚ್‌ನಲ್ಲಿ ಓಟಿಟಿಗೆ ಬಂದ ‘ಜ್ಯಾಕ್ ಸ್ನೈಡರ್ಸ್ ಜಸ್ಟಿಸ್ ಲೀಗ್’ ನಾಲ್ಕು ಗಂಟೆ ಎರಡು ನಿಮಿಷದ್ದು. ಹೋದ ವೀಕೆಂಡ್ ಎರಡನ್ನೂ ಒಂದರ ಹಿಂದೊಂದು ನೋಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2017ರಲ್ಲಿ ಸಿನಿಮಾ ಇನ್ನೂ ಮುಗಿದಿರಲಿಲ್ಲ, ನಿರ್ದೇಶಕ ಸ್ನೈಡರ್ ಮಗಳನ್ನು ಕಳೆದುಕೊಂಡು ಅರ್ಧಕ್ಕೇ ಹೊರಬಂದರು. ಉಳಿದದ್ದನ್ನು ಮುಗಿಸಿದ್ದು ಜಾಸ್ ವೀಡನ್. ಹೊಸ ದೃಶ್ಯಗಳನ್ನು ಬರೆದು ಮತ್ತೆ ಶೂಟ್ ಮಾಡಿದರು, ಸಂಗೀತ ನಿರ್ದೇಶಕರೂ ಬದಲಾದರು. ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್ ಅಷ್ಟೊತ್ತಿಗೆ ಇನ್ನೊಂದು ಸಿನಿಮಾಕ್ಕೆ ಮೀಸೆ ಬಿಟ್ಟಿದ್ದರಿಂದ ಅದನ್ನ ಕಂಪ್ಯೂಟರ್‌ನಲ್ಲಿ ಅಳಿಸಬೇಕಾಯ್ತು. ಆ ವಿಚಿತ್ರ ಮೇಲ್ತುಟಿ ನೋಡಿ ನಗದವರು ಕಮ್ಮಿ. ಕೊನೆಗೂ ನಿರ್ದೇಶಕ ಅಂತ ಹೆಸರು ಬಂದಿದ್ದು ಮಾತ್ರ ಸ್ನೈಡರ್‌ದೇ!

ಅಭಿಮಾನಿಗಳು ವರ್ಷಗಟ್ಟಲೆ ಹ್ಯಾಶ್‌ಟ್ಯಾಗ್ ಹಿಡಿದು ಕಾಡಿದ ಮೇಲೆ ವಾರ್ನರ್ ಬ್ರದರ್ಸ್ ಮತ್ತೆ ದುಡ್ಡು ಹಾಕಿತು. ವೀಡನ್ ಚಿತ್ರೀಕರಿಸಿದ್ದನ್ನೆಲ್ಲ ಬದಿಗಿಟ್ಟು ಸ್ನೈಡರ್ ತಮ್ಮ ಸಿನಿಮಾ ಮುಗಿಸಿದರು. ಅದನ್ನ ಮಗಳು ಆಟಮ್‌ಗೆ ಅರ್ಪಿಸಿದರು.

ಸರಿ, ಆ ಹೆಚ್ಚುವರಿ ಎರಡು ಗಂಟೆಯಲ್ಲಿ ಇರೋದೇನು? ಫೈಟ್ ಇದೆ, ಹೌದು. ಆದ್ರೆ ನನಗೆ ಮುಖ್ಯ ಅನಿಸಿದ್ದು ಸೈಬಾರ್ಗ್, ಅಂದ್ರೆ ವಿಕ್ಟರ್ ಸ್ಟೋನ್. 2017ರಲ್ಲಿ ಇವನು ಮುಖ ಗಂಟು ಹಾಕಿಕೊಂಡು ಓಡಾಡೋ ಯಂತ್ರದ ಮನುಷ್ಯ, ಅಷ್ಟೇ. ಯಾಕೆ ಹಾಗಿದ್ದಾನೆ ಅಂತ ಎರಡು ಮಾತಲ್ಲಿ ಮುಗಿಸಿಬಿಡ್ತಾರೆ. ದೊಡ್ಡ ಕಟ್‌ನಲ್ಲಿ ಅವನ ಫುಟ್ಬಾಲ್ ಮ್ಯಾಚ್ ಇದೆ, ಅಪ್ಪನಿಗಾಗಿ ಕಾದಿಟ್ಟ ಖಾಲಿ ಸೀಟ್ ಇದೆ, ಅಮ್ಮನನ್ನು ಕಳೆದುಕೊಂಡ ಅಪಘಾತ ಇದೆ. ಯಾವತ್ತೂ ಕೆಲಸ ಬಿಟ್ಟು ಬರದ ಆ ವಿಜ್ಞಾನಿ ಅಪ್ಪ, ಸಾಯುತ್ತಿದ್ದ ಮಗನನ್ನು ಯಂತ್ರ ಮಾಡಿಯಾದರೂ ಉಳಿಸಿಕೊಳ್ತಾನೆ. ಮಗನಿಗೆ ಅದೇ ಸಿಟ್ಟು. ಕೊನೆಗೆ ಆ ಅಪ್ಪ ಮಗನ ಕಣ್ಣೆದುರೇ ಪ್ರಾಣ ಕೊಡ್ತಾನೆ. 2017ರ ಸಿನಿಮಾದಲ್ಲಿ ಅಪ್ಪ ಸಾಯೋದೇ ಇಲ್ಲ. ಬದುಕಿ ಉಳಿದರೂ ನಮಗೆ ಏನೂ ಅನಿಸಲ್ಲ, ಯಾಕಂದ್ರೆ ಅವನು ನಮಗೆ ಪರಿಚಯವೇ ಆಗಿರಲ್ಲ.

ಇದು ನಮ್ಮ ಫೀಲ್ಡ್‌ನವರಿಗೆ ಚೆನ್ನಾಗಿ ಅರ್ಥ ಆಗತ್ತೆ. ರಿಲೀಸ್ ಹತ್ತಿರ ಬಂದಾಗ ಡೆಮೋದಲ್ಲಿ ಕಾಣೋದು ಉಳಿಯತ್ತೆ, ಕಾಣದ್ದು ಮೊದಲು ಕಟ್ ಆಗತ್ತೆ. ಸೂಪರ್‌ಹೀರೋ ಸಿನಿಮಾದಲ್ಲಿ ಫೈಟ್ ಕಾಣತ್ತೆ. ಆ ಫೈಟ್ ಯಾಕೆ ಅನ್ನೋದು ಕಾಣಲ್ಲ.

ಹಾಗಂತ ಉದ್ದ ಇದ್ದಿದ್ದೆಲ್ಲ ಚೆನ್ನಾಗಿದೆ ಅಂತಲ್ಲ. ಸ್ಲೋ ಮೋಷನ್ ಕಮ್ಮಿ ಮಾಡಿದ್ರೆ ಸಿನಿಮಾ ಇನ್ನೂ ಬೇಗ ಮುಗೀತಿತ್ತು. ಕೊನೆಯ ಎಪಿಲಾಗ್ ಅಂತೂ ಬರದೇ ಹೋದ ಮುಂದಿನ ಭಾಗಕ್ಕೆ ಹಾಕಿದ ಅಡಿಪಾಯ. ಚಿಕ್ಕ ಕಟ್‌ನಲ್ಲೂ ನನಗೆ ಇಷ್ಟವಾದ ಒಂದು ಜಾಗ ಇದೆ. ಮೊದಲ ಯುದ್ಧಕ್ಕೆ ಹೆದರಿ ನಿಂತ ಫ್ಲ್ಯಾಶ್‌ಗೆ ಬ್ಯಾಟ್‌ಮ್ಯಾನ್, ಮೊದಲು ಒಬ್ಬರನ್ನ ಕಾಪಾಡು ಸಾಕು ಅಂತ ಧೈರ್ಯ ಹೇಳ್ತಾನೆ. ಅದು ದೊಡ್ಡ ಕಟ್‌ನಲ್ಲಿಲ್ಲ.

ಆದ್ರೂ ಮನಸ್ಸಲ್ಲಿ ಉಳಿದಿದ್ದು ವಿಕ್ಟರ್ ಕೈಯಲ್ಲಿದ್ದ ಪುಟ್ಟ ರೆಕಾರ್ಡರ್. ಅದರಲ್ಲಿ ಅಪ್ಪ ಮಗನಿಗೆ ಅಂತ ಮಾತಾಡಿಟ್ಟಿದ್ದಾನೆ. ಸಿಟ್ಟಲ್ಲಿ ವಿಕ್ಟರ್ ಅರ್ಧ ಕೇಳಿ ಅದನ್ನ ಪುಡಿ ಮಾಡ್ತಾನೆ. ಉಳಿದಿದ್ದನ್ನ ಕೇಳೋದು ಸಿನಿಮಾದ ಕೊನೆಗೆ, ಅಪ್ಪ ಇಲ್ಲವಾದ ಮೇಲೆ.

ನಮ್ಮಪ್ಪ ಊರಿಂದ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸ್ತಾರೆ. ಮಳೆಯಿಂದ ಶುರುವಾಗಿ, ತೋಟ, ಪಕ್ಕದ ಮನೆ ದನ ಎಲ್ಲ ಮುಗಿದ ಮೇಲೆ ವಿಷಯಕ್ಕೆ ಬರ್ತಾರೆ. ನಾನು ಎರಡರಷ್ಟು ಸ್ಪೀಡಲ್ಲಿ ಕೇಳಿ, ಅರ್ಧಕ್ಕೇ ಥಂಬ್ಸ್ ಅಪ್ ಒತ್ತಿಬಿಡ್ತೀನಿ. ಹೋದ ವರ್ಷ ಅಂಥದ್ದೇ ಒಂದು ಮೆಸೇಜ್‌ನ ಕೊನೆಯಲ್ಲಿ, ಮುಂದಿನ ವಾರ ಕಣ್ಣಿನ ಆಪರೇಷನ್ ಇದೆ, ಬರಕ್ಕಾಗತ್ತಾ ಅಂತ ಕೇಳಿದ್ದರಂತೆ. ನನಗೆ ಗೊತ್ತಾಗಿದ್ದು ಆಪರೇಷನ್ ಮುಗಿದ ಮೇಲೆ, ಅಮ್ಮ ಫೋನ್ ಮಾಡಿದಾಗ. ‘ಥಂಬ್ಸ್ ಅಪ್ ಹಾಕಿದ್ಯಲ್ಲಾ, ಬರ್ತೀಯ ಅಂತ ಕಾದ್ರು ಕಣೋ’ ಅಂದ್ರು.

ಭಾನುವಾರ ಸಿನಿಮಾ ಮುಗಿದ ಮೇಲೆ ಅಪ್ಪನ ಆ ಮೆಸೇಜ್ ಹುಡುಕಿ ಮಾಮೂಲಿ ಸ್ಪೀಡಲ್ಲೇ ಪೂರ್ತಿ ಕೇಳಿದೆ. ನಾಲ್ಕು ನಿಮಿಷ ಕೂಡ ಇರಲಿಲ್ಲ.

ನಾಲ್ಕು ಗಂಟೆ ಒಟ್ಟಿಗೆ ಕೂರಕ್ಕಾಗಲ್ಲ ಅನ್ನೋರಿಗೆ ಒಂದು ಮಾತು. ಸ್ನೈಡರ್ ಕಟ್ ಆರು ಭಾಗಗಳಲ್ಲಿದೆ, ಕೊನೆಗೊಂದು ಎಪಿಲಾಗ್. ವೆಬ್ ಸೀರೀಸ್ ಥರ ದಿನಕ್ಕೊಂದು ಭಾಗ ನೋಡಬಹುದು. ಸ್ಪೀಡ್ ಮಾತ್ರ ಜಾಸ್ತಿ ಮಾಡಬೇಡಿ. ನೋಡಿದವರು ಹೇಳಿ, ನಿಮ್ಮ ಓಟು ಯಾವ ಕಟ್‌ಗೆ?