ಆ ‘ನೀರು’ ಯಾವ ನೀರು?



ಉಬ್ರಾಣಿಯ ಕಡೆ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತು ಯಾರಾದರೂ ಚೊಗರನ್ನು ‘ಕೆಂಪು ನೀರು’ ಎಂದರೆ ಅಲ್ಲಿರುವ ಹೆಣ್ಣುಮಕ್ಕಳು ನಗುತ್ತಾರೆ. ಅದು ನೀರಲ್ಲ, ಚೊಗರು! ಅಡಿಕೆಗೆ ಬಣ್ಣ ಕೂರಿಸುವುದೇ ಅದು. ಕೆಲಸ ಬಲ್ಲವರಿಗೆ ಹೆಸರೂ ಗೊತ್ತು.

ಅದೇ ಊರಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಚಿತ್ರಕಲೆ ಕಲಿಯಲು ದಾವಣಗೆರೆಗೆ ಹೋದಳು ಎನ್ನಿ. ಅಚ್ಚುಚಿತ್ರದ ಪಾಠದಲ್ಲಿ ‘ಅಕ್ವಾಟಿಂಟ್’ ಎಂಬ ಮಾತು ಎದುರಾಗುತ್ತದೆ. ಅಕ್ವಾ ಎಂದರೆ ನೀರು, ಟಿಂಟ್ ಎಂದರೆ ಬಣ್ಣ. ನಿಘಂಟು ಹಿಡಿದು ಕೂತ ಪಂಡಿತ ಎರಡೇ ನಿಮಿಷದಲ್ಲಿ ‘ಜಲವರ್ಣ ಮುದ್ರಣ’ ಎಂದು ಕಟ್ಟಿಬಿಡಬಹುದು. ಆ ಮಗು ಜಲವನ್ನೂ ಕುಂಚವನ್ನೂ ಹುಡುಕುತ್ತಾ ಕೂರಬೇಕು!

ಆ ನೀರು ಬಾವಿಯದಲ್ಲ. ಇಟಲಿಯವರು ನೈಟ್ರಿಕ್ ಆಮ್ಲವನ್ನು ‘ಆಕ್ವಾ ಫೋರ್ಟೆ’, ಬಲವಾದ ನೀರು, ಎಂದು ಕರೆದರು. ತಾಮ್ರವನ್ನೇ ತಿನ್ನುವ ನೀರು. ಹೆಸರಿನಲ್ಲಿ ಉಳಿದಿರುವುದು ಅದೇ ಎನ್ನುವವರಿದ್ದಾರೆ.

ಕೆಲಸ ನಡೆಯುವ ಬಗೆ ನೋಡಿ. ತಾಮ್ರದ ತಗಡಿನ ಮೇಲೆ ರಾಳದ ನುಣ್ಣನೆ ಪುಡಿ ಉದುರಿಸುತ್ತಾರೆ. ಹೌದು, ಪಂಜಿಗೆ ಎರಚಿದರೆ ಭಗ್ಗೆಂದು ಉರಿಯುವ ಅದೇ ರಾಳ. ಕೆಳಗಿನಿಂದ ಬಿಸಿ ಕೊಟ್ಟರೆ ಕಣಗಳು ತಗಡಿಗೆ ಅಂಟುತ್ತವೆ. ಆಮ್ಲದಲ್ಲಿ ಅದ್ದಿದಾಗ ಕಣಗಳ ನಡುವಿನ ಸಂದಿಯಷ್ಟೇ ಕೊರೆದುಹೋಗುತ್ತದೆ. ತಿಳಿ ಛಾಯೆ ಸಾಕೆನಿಸಿದ ಕಡೆ ವಾರ್ನಿಶ್ ಬಳಿದು ಮತ್ತೆ ಅದ್ದುತ್ತಾರೆ. ಹೆಚ್ಚು ಹೊತ್ತು ಅದ್ದಿದಷ್ಟೂ ಕಪ್ಪು. ಚೊಗರಿನ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಆ ಕೊರೆದ ಜಾಗದಲ್ಲಿ ಮಸಿ ನಿಂತು ಕಾಗದಕ್ಕೆ ಇಳಿದಾಗ ಜಲವರ್ಣದಂತೆ ಕಾಣುತ್ತದೆ. ಕಾಣುತ್ತದೆ, ಅಷ್ಟೇ.

ಫ್ರಾನ್ಸಿನ ಲ ಪ್ರೆನ್ಸ್ 1768ರ ಸುಮಾರಿಗೆ ಇದನ್ನು ಪಳಗಿಸಿದ. ಇಂಗ್ಲೆಂಡಿನಲ್ಲಿ ಪಾಲ್ ಸ್ಯಾಂಡ್‌ಬಿ 1775ರಲ್ಲಿ ವೇಲ್ಸ್ ಸೀಮೆಯ ನೋಟಗಳನ್ನು ಹೀಗೆ ಅಚ್ಚು ಹಾಕಿಸಿದ. ನಮಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ! ಬ್ರಿಟಿಷ್ ಫಿರಂಗಿ ದಳದ ಜೇಮ್ಸ್ ಹಂಟರ್ ಬರೆದ ಬೆಂಗಳೂರು, ಶ್ರೀರಂಗಪಟ್ಟಣದ ಚಿತ್ರಗಳು ಅವನು ಸತ್ತ ಮೇಲೆ, 1804–05ರಲ್ಲಿ, ಲಂಡನ್ನಿನಲ್ಲಿ ಅಚ್ಚಾದದ್ದು ಇದೇ ರಾಳ, ಇದೇ ಆಮ್ಲದಿಂದ. ನಮ್ಮ ಕೋಟೆಗಳು ಅವರ ತಗಡಿನಲ್ಲಿ ಮೂಡಿ ಇನ್ನೂರು ವರ್ಷ ದಾಟಿತು. ನಮ್ಮ ತರಗತಿಯಲ್ಲಿ ಆ ಕೆಲಸಕ್ಕೊಂದು ಕನ್ನಡ ಮಾತು ಬೇಡವೇ?

‘ರಾಳದಚ್ಚು’ ಎನ್ನೋಣ ಎಂಬುದು ನನ್ನ ಸೂಚನೆ. ಕೇಳಿದ ಕೂಡಲೇ ಕೈಗೆ ಏನು ಬೇಕೆಂದು ತಿಳಿಯುತ್ತದೆ. ಒಪ್ಪದವರು ‘ಅಕ್ವಾಟಿಂಟ್’ ಎಂದೇ ಕನ್ನಡ ಲಿಪಿಯಲ್ಲಿ ಬರೆಯಲಿ, ನನ್ನ ಜಗಳವಿಲ್ಲ. ಜಗಳ ಇರುವುದು ‘ಜಲವರ್ಣ’ದ ಮೇಲೆ. ಇದಕ್ಕಿಂತ ಒಳ್ಳೆಯ ಮಾತು ನಿಮ್ಮಲ್ಲಿದ್ದರೆ ಪತ್ರಿಕೆಗೆ ಬರೆದು ಕಳುಹಿಸಿ. ತಗಡು, ಮಸಿ ಮುಟ್ಟಿದವರು ಮೊದಲು ಬರೆಯಲಿ.