ಮನೆ ಹೊಕ್ಕ ದಿನದ ಸಾಕ್ಷಿ

ಅಹಮದಾಬಾದಿನ ಆಗ್ನೇಯ ಅಂಚಿನ ವಟ್ವಾದಲ್ಲಿ ಬಣ್ಣ, ರಾಸಾಯನಿಕಗಳ ಕಾರ್ಖಾನೆಗಳನ್ನು ನಂಬಿ ಬಂದವರು ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ (ಜಿಐಡಿಸಿ) ವಸಾಹತಿನ ಸುತ್ತಮುತ್ತ ಬಾಡಿಗೆಗೆ ಮನೆ ಹಿಡಿಯುತ್ತಾರೆ. ಹನ್ನೊಂದು ತಿಂಗಳ ಕರಾರು, ಎಷ್ಟೋ ಸಲ ನಗದಾಗಿಯೇ ಕೊಟ್ಟ ಡಿಪಾಜಿಟ್. ಮನೆ ಬಿಡುವಾಗ ನಲ್ಲಿಯ ಬುಡಕ್ಕೆ ಕಟ್ಟಿದ ಬಿಳಿ ಪೊರೆ, ಬಚ್ಚಲ ಬಾಗಿಲ ಕೆಳಗೆ ಉಬ್ಬಿದ ಪ್ಲೈವುಡ್, ಗೋಡೆಯ ಹಳೇ ಬಿರುಕು ಎಲ್ಲವೂ ಬಾಡಿಗೆದಾರನ ತಲೆಗೇ ಬರುತ್ತವೆ. ಬೆಂಗಳೂರಿನಲ್ಲಿ ಇಂಥ ವಸೂಲಿಗೆ ‘ಪೇಂಟಿಂಗ್ ಚಾರ್ಜ್’ ಎಂಬ ಹೆಸರು. ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ರೂಢಿಯೇ ಆಗಿಬಿಟ್ಟಿದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬೇರೆ ಕರಾರಿಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ತನ್ನ ವಶಕ್ಕೆ ಬಂದಾಗ ಇದ್ದ ಸ್ಥಿತಿಯಲ್ಲಿ ಮರಳಿಸಬೇಕು, ಸಹಜ ಬಳಕೆಯ ಸವೆತವನ್ನು ಬಿಟ್ಟು. ಅಂದರೆ ಕಾನೂನು ಮೊದಲು ಕೇಳುವುದೇ ಹೊಕ್ಕ ದಿನದ ಸ್ಥಿತಿಯನ್ನು. ನಾವೋ, ಜಗಳ ಹತ್ತಿದ ಮೇಲೆ ಕೊನೆಯ ದಿನದ ಫೋಟೊ ತೆಗೆಯುತ್ತೇವೆ. ಹಣ ಮಾಲೀಕರ ಕೈಯಲ್ಲಿರುವಾಗ ಪುರಾವೆ ಹುಡುಕುವ ಕಷ್ಟ ಬಾಡಿಗೆದಾರನದು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ಸಾಮಾನು ಇಳಿಸುವ ಮುಂಚೆಯೇ ಖಾಲಿ ಮನೆಯನ್ನು ಕೋಣೆ ಕೋಣೆಯಾಗಿ ಚಿತ್ರಿಸಬೇಕು. ನಲ್ಲಿ, ಸಿಂಕಿನ ಅಡಿ, ಕಿಟಕಿಯ ಚಿಲಕ, ಮಳೆನೀರು ಇಳಿದ ಕಲೆ, ವಿದ್ಯುತ್ ಮೀಟರಿನ ಅಂಕಿ, ಒಂದನ್ನೂ ಬಿಡಬಾರದು. ಅವತ್ತೇ ಮಾಲೀಕರ ವಾಟ್ಸಾಪಿಗೆ ಕಳಿಸಿ, ‘ನೋಡಿದೆ’ ಎಂಬ ಒಂದು ಉತ್ತರ ಪಡೆಯಬೇಕು. ಫ್ಯಾನು, ಗೀಸರುಗಳ ಪಟ್ಟಿಯನ್ನು ಕರಾರಿಗೆ ಲಗತ್ತಿಸಿ ಇಬ್ಬರೂ ಸಹಿ ಹಾಕಿದರೆ ಇನ್ನೂ ಗಟ್ಟಿ. ಡಿಪಾಜಿಟ್ಟನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಡಲೇಬೇಕಾದರೆ ರಸೀದಿ ಇಲ್ಲದೆ ಕೊಡಬೇಡಿ. ಜಗಳ ನ್ಯಾಯಾಲಯಕ್ಕೆ ಹೋದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕಾಗಿ ಚಿತ್ರ ತೆಗೆದ ಫೋನನ್ನು ವ್ಯವಹಾರ ಮುಗಿಯುವವರೆಗೆ ಮಾರದಿರುವುದು ಒಳ್ಳೆಯದು.

2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಡಿಪಾಜಿಟ್ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ತಂದಾಗಲೇ ಜೀವ.

ಮಾಲೀಕರು ಹಣ ಮುರಿದುಕೊಂಡರೆ ಯಾವ ರಿಪೇರಿಗೆ ಎಷ್ಟು ಎಂದು ಬಿಲ್ಲು ಸಮೇತ ಬರಹದಲ್ಲಿ ಕೇಳಬೇಕು. ಉತ್ತರ ಬಾರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು, ಆಮೇಲೆ ಸಿವಿಲ್ ದಾವೆ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಊರು ಬಿಟ್ಟು ಹೋಗುವ ಅವಸರದಲ್ಲಿ ಅದನ್ನು ಮರೆಯಬಾರದು.